ಆಟ ಕಲಿಸಿದ ಗುರು ಬಕ್ ಓನೀಲ್

ಆಶಯ: ಆಟದಲ್ಲಿ ಗೆದ್ದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅವರಿಗೆ ಆಟ ಹೇಳಿಕೊಟ್ಟವರ ಹೆಸರು ಎಷ್ಟೋ ಸಲ ಗೊತ್ತಿರುವುದಿಲ್ಲ. ಮೈಬಣ್ಣದ ಕಾರಣಕ್ಕೆ ತಮಗೆ ಮುಚ್ಚಿದ್ದ ದಾರಿಯನ್ನು ತಮ್ಮ ಶಿಷ್ಯರಿಗೆ ತೆರೆದುಕೊಟ್ಟ ಒಬ್ಬ ತರಬೇತುದಾರರ ಜೀವನವನ್ನು ಈ ಪಾಠದಲ್ಲಿ ಓದೋಣ.

ಮಕ್ಕಳೇ, ನಿಮಗೆ ಕ್ರಿಕೆಟ್ ಗೊತ್ತು. ಲಗೋರಿ ಗೊತ್ತು. ಚಿನ್ನಿದಾಂಡೂ ಗೊತ್ತು. ಬೇಸ್‌ಬಾಲ್ ಆಟವನ್ನು ನೀವು ನೋಡಿದ್ದೀರಾ? ಅಮೆರಿಕದಲ್ಲಿ ಇದು ಬಹಳ ಜನಪ್ರಿಯವಾದ ಆಟ. ಇದರಲ್ಲಿಯೂ ಚೆಂಡು ಮತ್ತು ಬ್ಯಾಟು ಇವೆ. ಬ್ಯಾಟು ಮಾತ್ರ ಚಪ್ಪಟೆಯಾಗಿರುವುದಿಲ್ಲ, ಒನಕೆಯಂತೆ ಗುಂಡಗಿರುತ್ತದೆ. ಒಂದೊಂದು ತಂಡದಲ್ಲಿ 9 ಮಂದಿ ಆಟಗಾರರು. ಮೈದಾನದಲ್ಲಿ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳಿರುತ್ತವೆ. ಈ ನೆಲೆಗೆ ‘ಬೇಸ್’ ಎಂದು ಹೆಸರು. ಒಂದು ನೆಲೆಯಿಂದ ಇನ್ನೊಂದು ನೆಲೆಗೆ 90 ಅಡಿ ದೂರ. ಚೆಂಡು ಎಸೆಯುವವನು ಅದನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಬ್ಯಾಟುಗಾರ ಅದನ್ನು ಹೊಡೆದು ಓಡುತ್ತಾನೆ. ಮೂರು ನೆಲೆಗಳನ್ನು ಮುಟ್ಟಿ, ತಾನು ಹೊರಟ ನೆಲೆಗೆ ಮರಳಿ ಬಂದರೆ ಒಂದು ರನ್.

ಓಡುತ್ತಿರುವವನಿಗೆ ಹಿಂದೆ ಚೆಂಡು ಎಲ್ಲಿದೆ ಎಂಬುದು ಕಾಣುವುದಿಲ್ಲ. ಆದ್ದರಿಂದ ಒಂದನೆಯ ಮತ್ತು ಮೂರನೆಯ ನೆಲೆಗಳ ಪಕ್ಕದಲ್ಲಿ, ಗೆರೆಯ ಹೊರಗೆ, ಅವನ ತಂಡದ ತರಬೇತುದಾರರು ನಿಂತಿರುತ್ತಾರೆ. ‘ಓಡು’, ‘ನಿಲ್ಲು’ ಎಂದು ಅವರು ಕೈಸನ್ನೆ ಮಾಡುತ್ತಾರೆ. ತರಬೇತುದಾರರು ನಿಲ್ಲುವ ಈ ಜಾಗವನ್ನು ನೆನಪಿಡಿ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಅಮೆರಿಕದ ದಕ್ಷಿಣ ಭಾಗದಲ್ಲಿ ಫ್ಲಾರಿಡಾ ಎಂಬ ರಾಜ್ಯವಿದೆ. ಅಲ್ಲಿನ ಕ್ಯಾರಬೆಲ್ ಎಂಬ ಊರಿನಲ್ಲಿ 1911ರ ನವೆಂಬರ್ 13ರಂದು ಒಂದು ಗಂಡುಮಗು ಹುಟ್ಟಿತು. ತಂದೆತಾಯಿ ಅವನಿಗೆ ಜಾನ್ ಎಂದು ಹೆಸರಿಟ್ಟರು. ಮುಂದೆ ಜನರು ಅವನನ್ನು ‘ಬಕ್’ ಎಂದು ಕರೆದರು. ಆ ಹೆಸರೇ ಉಳಿಯಿತು.

ಜಾನ್ ಕಪ್ಪು ಜನಾಂಗದ ಹುಡುಗ. ಅವನ ಅಜ್ಜ ಗುಲಾಮರಾಗಿ ದುಡಿದವರು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ರದ್ದಾಯಿತು. ಆದರೆ ಕಪ್ಪು ಜನರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಬಿಳಿಯರ ಶಾಲೆ ಬೇರೆ, ಕಪ್ಪು ಜನರ ಶಾಲೆ ಬೇರೆ. ಬಿಳಿಯರು ಕುಡಿಯುವ ನಲ್ಲಿಯ ನೀರನ್ನು ಕಪ್ಪು ಜನರು ಕುಡಿಯುವಂತಿರಲಿಲ್ಲ. ಹೋಟೆಲಿನಲ್ಲಿ ಜೊತೆಯಾಗಿ ಕೂಡುವಂತಿರಲಿಲ್ಲ. ನಮ್ಮ ನಾಡಿನಲ್ಲಿ ಜಾತಿಯ ಹೆಸರಿನಲ್ಲಿ ನಡೆದ ಅನ್ಯಾಯದ ವಿಷಯವನ್ನು ನೀವು ಓದಿದ್ದೀರಿ. ಅಂಥದೇ ಅನ್ಯಾಯ ಅಲ್ಲಿ ಮೈಬಣ್ಣದ ಹೆಸರಿನಲ್ಲಿ ನಡೆಯುತ್ತಿತ್ತು.

ಜಾನ್ ಇನ್ನೂ ಚಿಕ್ಕವನಿದ್ದಾಗ ಅವನ ಮನೆಯವರು ಸರಸೋಟ ಎಂಬ ಊರಿಗೆ ಬಂದು ನೆಲೆಸಿದರು. ಅಲ್ಲಿ ಸೆಲರಿ ಎಂಬ ದಪ್ಪ ದಂಟಿನ ಸೊಪ್ಪನ್ನು ಬೆಳೆಯುತ್ತಿದ್ದರು. ತಂದೆ ಆ ಹೊಲಗಳಲ್ಲಿ ಮೇಸ್ತ್ರಿಯಾಗಿದ್ದರು. ಜಾನ್ ಸೊಪ್ಪಿನ ಪೆಟ್ಟಿಗೆಗಳನ್ನು ಹೊರುತ್ತಿದ್ದ. ಒಂದು ದಿನ ಬಿಸಿಲು ಬಹಳ ಜೋರಾಗಿತ್ತು. ಮೈಯೆಲ್ಲ ಬೆವರು, ಮಣ್ಣು. ಬೇಸತ್ತ ಹುಡುಗ, ಬದುಕಿನಲ್ಲಿ ಇದಕ್ಕಿಂತ ಒಳ್ಳೆಯದು ಏನಾದರೂ ಇರಲೇಬೇಕು ಎಂದು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡ. ಅದು ತಂದೆಯ ಕಿವಿಗೆ ಬಿತ್ತು. ತಂದೆ ಗದರಿಸಲಿಲ್ಲ. ಒಳ್ಳೆಯದು ಇದೆ, ಆದರೆ ಅದು ಈ ಹೊಲದಲ್ಲಿ ಸಿಗುವುದಿಲ್ಲ, ಹುಡುಕಿಕೊಂಡು ಹೋಗಬೇಕು ಎಂದು ಮಗನಿಗೆ ತಿಳಿಹೇಳಿದರು. ಬಕ್ ಓನೀಲ್ ಈ ಮಾತನ್ನು ಮುಪ್ಪಿನವರೆಗೂ ನೆನೆಯುತ್ತಿದ್ದರು.

ಓದಬೇಕೆಂಬ ಆಸೆ ಜಾನನಿಗೆ ಇತ್ತು. ಆದರೆ ಸರಸೋಟದ ಪ್ರೌಢಶಾಲೆ ಬಿಳಿಯ ಮಕ್ಕಳಿಗೆ ಮಾತ್ರ. ಕಣ್ಣೆದುರಿಗೆ ಶಾಲೆಯಿದ್ದರೂ ಒಳಗೆ ಕಾಲಿಡುವಂತಿರಲಿಲ್ಲ. ಅವನು ಊರು ಬಿಟ್ಟು ಜಾಕ್ಸನ್‌ವಿಲ್ ನಗರದ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋದ. ಅದು ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಇದ್ದ ಸಂಸ್ಥೆ. ಅಲ್ಲಿ ಪ್ರೌಢಶಾಲೆಯ ಓದನ್ನು ಮುಗಿಸಿದ. ಕಾಲೇಜಿನಲ್ಲಿಯೂ ಎರಡು ವರ್ಷ ಓದಿದ. ಜೊತೆಗೆ ಬೇಸ್‌ಬಾಲ್ ಆಡಿದ.

ಆಟದ ಮೈದಾನದಲ್ಲಿಯೂ ಬಣ್ಣದ ಗೋಡೆ ಇತ್ತು. ಅಮೆರಿಕದ ಅತಿ ದೊಡ್ಡ ಪಂದ್ಯಾವಳಿಗೆ ‘ಮೇಜರ್ ಲೀಗ್’ ಎಂದು ಹೆಸರು. ಅದರ ತಂಡಗಳು ಸುಮಾರು 60 ವರ್ಷಗಳ ಕಾಲ ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಲಿಲ್ಲ. ಹಾಗೆಂದು ಎಲ್ಲಿಯೂ ಬರೆದ ನಿಯಮವಿರಲಿಲ್ಲ. ಬರೆಯದಿದ್ದರೂ ಎಲ್ಲರೂ ಅದನ್ನು ಪಾಲಿಸುತ್ತಿದ್ದರು!

ಕಪ್ಪು ಆಟಗಾರರು ಸುಮ್ಮನೆ ಕೂರಲಿಲ್ಲ. ರೂಬ್ ಫಾಸ್ಟರ್ ಎಂಬ ಆಟಗಾರರು 1920ರಲ್ಲಿ ಕ್ಯಾನ್ಸಸ್ ಸಿಟಿ ನಗರದಲ್ಲಿ ಸಭೆ ಸೇರಿಸಿ, ಕಪ್ಪು ಜನರದೇ ಒಂದು ಪಂದ್ಯಾವಳಿಯನ್ನು ಕಟ್ಟಿದರು. ಇಂಥ ಪಂದ್ಯಾವಳಿಗಳನ್ನು ‘ನೀಗ್ರೊ ಲೀಗ್’ ಎಂದು ಕರೆಯುತ್ತಿದ್ದರು. ‘ನೀಗ್ರೊ’ ಎಂಬುದು ಆ ಕಾಲದಲ್ಲಿ ಬಳಕೆಯಲ್ಲಿದ್ದ ಪದ. ಇಂದು ಯಾರನ್ನೂ ಹಾಗೆ ಕರೆಯಬಾರದು. ಪಂದ್ಯಾವಳಿಯ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ.

ಬಕ್ ಓನೀಲ್ ಅವರು 1938ರಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಎಂಬ ತಂಡವನ್ನು ಸೇರಿದರು. ‘ಮೊನಾರ್ಕ್ಸ್’ ಎಂದರೆ ಅರಸರು. ತಂಡವೂ ಹೆಸರಿಗೆ ತಕ್ಕಂತೆಯೇ ಇತ್ತು. ಮೇಜರ್ ಲೀಗಿನಲ್ಲಿ ರಾತ್ರಿಯ ಪಂದ್ಯ ಮೊದಲು ನಡೆದದ್ದು 1935ರಲ್ಲಿ. ಮೊನಾರ್ಕ್ಸ್ ತಂಡದವರು ಅದಕ್ಕಿಂತ 5 ವರ್ಷ ಮೊದಲೇ, 1930ರಲ್ಲಿ, ದೀಪದ ಕಂಬಗಳನ್ನು ಲಾರಿಗಳಲ್ಲಿ ಹೊತ್ತುಕೊಂಡು ಊರೂರಿಗೆ ಹೋಗಿ ರಾತ್ರಿ ಆಟ ಆಡಿ ತೋರಿಸಿದ್ದರು!

ಬಕ್ ಒಂದನೆಯ ನೆಲೆಯನ್ನು ಕಾಯುವ ಆಟಗಾರರು. ಎತ್ತರದ ಆಳು, ಉದ್ದನೆಯ ತೋಳು. ಯಾವ ಕಡೆಯಿಂದ ಚೆಂಡು ಬಂದರೂ ಹಿಡಿಯುತ್ತಿದ್ದರು. ಹೆಸರಾಂತ ಎಸೆತಗಾರ ಸ್ಯಾಚೆಲ್ ಪೇಜ್ ಅವರ ಜೊತೆಗಾರರು. 1942ರಲ್ಲಿ ಮೊನಾರ್ಕ್ಸ್ ತಂಡವು ನೀಗ್ರೊ ಲೀಗಿನ ಅಂತಿಮ ಸರಣಿಯನ್ನು ಗೆದ್ದಾಗ ಇಬ್ಬರೂ ಆ ತಂಡದಲ್ಲಿದ್ದರು. ಬಸ್ಸೇ ಆಟಗಾರರ ಮನೆಯಂತಾಗಿತ್ತು. ಒಂದು ಊರಿನಲ್ಲಿ ಆಡಿ, ರಾತ್ರಿಯೆಲ್ಲ ಪ್ರಯಾಣ ಮಾಡಿ, ಮರುದಿನ ಮತ್ತೊಂದು ಊರಿನಲ್ಲಿ ಆಡಬೇಕು. ಸಾವಿರಾರು ಜನ ಅವರ ಆಟ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಅದೇ ಊರಿನ ಎಷ್ಟೋ ಹೋಟೆಲುಗಳಲ್ಲಿ ಅವರಿಗೆ ಊಟವೂ ಸಿಗುತ್ತಿರಲಿಲ್ಲ, ಮಲಗಲು ಜಾಗವೂ ಸಿಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಕ್ ನೌಕಾಪಡೆಗೆ ಸೇರಿದರು. 1945ರಲ್ಲಿ ಅವರು ದೂರದ ಫಿಲಿಪೀನ್ಸ್ ದೇಶದಲ್ಲಿದ್ದಾಗ ಒಂದು ಸುದ್ದಿ ಬಂತು. ಮೊನಾರ್ಕ್ಸ್ ತಂಡದಲ್ಲಿ ಆಡಿದ್ದ ಜಾಕಿ ರಾಬಿನ್ಸನ್ ಎಂಬ ಕಪ್ಪು ಯುವಕನನ್ನು ಮೇಜರ್ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಆರಿಸಿಕೊಂಡಿತ್ತು! 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೇಜರ್ ಲೀಗಿನ ಮೈದಾನಕ್ಕೆ ಇಳಿದರು. ಬಣ್ಣದ ಗೋಡೆ ಬಿರುಕು ಬಿಟ್ಟಿತು.

ಆಗ ಬಕ್ ಅವರಿಗೆ 35 ವರ್ಷ. ದೊಡ್ಡ ತಂಡಗಳು ಹುಡುಕುತ್ತಿದ್ದದ್ದು ಇಪ್ಪತ್ತರ ಆಸುಪಾಸಿನ ಯುವಕರನ್ನು. ಮೇಜರ್ ಲೀಗಿನಲ್ಲಿ ಆಡುವ ಅವಕಾಶ ಬಕ್ ಅವರಿಗೆ ಬರಲೇ ಇಲ್ಲ. ನೀವು ಸ್ವಲ್ಪ ತಡವಾಗಿ ಹುಟ್ಟಬೇಕಿತ್ತು ಎಂದು ಜನರು ಮರುಗುತ್ತಿದ್ದರು. ಬಕ್ ಅದನ್ನು ಒಪ್ಪುತ್ತಿರಲಿಲ್ಲ. 1996ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ ಅವರು ಅದಕ್ಕೆ ‘ನಾನು ಸರಿಯಾದ ಹೊತ್ತಿಗೇ ಬಂದೆ’ ಎಂಬ ಅರ್ಥ ಕೊಡುವ ಹೆಸರಿಟ್ಟರು.

ಯಾವುದಕ್ಕೆ ಸರಿಯಾದ ಹೊತ್ತು? ಕಲಿಸುವುದಕ್ಕೆ. 1948ರಲ್ಲಿ ಬಕ್ ಮೊನಾರ್ಕ್ಸ್ ತಂಡವನ್ನು ನಡೆಸುವ ಹೊಣೆ ಹೊತ್ತರು. 1955ರವರೆಗೆ ಅವರೇ ತಂಡದ ಗುರು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಬ್ಯಾಟು ಹಿಡಿಯಬೇಕು ಎಂದು ನಿರ್ಧರಿಸುವವರು ಅವರೇ. ಹೊಸ ಹುಡುಗರ ತಪ್ಪನ್ನು ತಿದ್ದುವವರೂ ಅವರೇ.

1950ರಲ್ಲಿ ಎರ್ನಿ ಬ್ಯಾಂಕ್ಸ್ ಎಂಬ 19 ವರ್ಷದ ಹುಡುಗ ತಂಡಕ್ಕೆ ಬಂದ. ಬಹಳ ನಾಚಿಕೆಯ ಸ್ವಭಾವದವನು. ಮಾತು ಕಡಿಮೆ. ಆಟವನ್ನು ಪ್ರೀತಿಸಬೇಕು, ಮೈದಾನಕ್ಕೆ ಇಳಿದಾಗ ಖುಷಿಯಿಂದ ಇರಬೇಕು ಎಂಬುದನ್ನು ಬಕ್ ಅವನಿಗೆ ಕಲಿಸಿದರು. 1953ರಲ್ಲಿ ಎರ್ನಿ ಮೇಜರ್ ಲೀಗಿನ ಶಿಕಾಗೊ ಕಬ್ಸ್ ತಂಡವನ್ನು ಸೇರಿದ; ಆ ತಂಡದಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಮುಂದೆ 512 ಹೋಮ್ ರನ್ ಹೊಡೆದ. ಹೋಮ್ ರನ್ ಎಂದರೆ ಕ್ರಿಕೆಟಿನ ಸಿಕ್ಸರ್ ಇದ್ದಂತೆ. ಸದಾ ನಗುಮುಖದಿಂದ ಆಡುವವನೆಂದು ಅವನಿಗೆ ಹೆಸರು ಬಂತು. ಆ ನಾಚಿಕೆಯ ಹುಡುಗನೇ ಇವನು! ಬಕ್ ಅವರ ತಂಡದಲ್ಲಿ ಬೆಳೆದ ಎಲ್ಸ್ಟನ್ ಹೋವರ್ಡ್ ಎಂಬ ಇನ್ನೊಬ್ಬ ಆಟಗಾರ 1955ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಮೊದಲ ಕಪ್ಪು ಆಟಗಾರನಾದ.

ಇಲ್ಲಿ ಒಂದು ಮಾತನ್ನು ಯೋಚಿಸಿ ನೋಡಿ. ಬಕ್ ಒಳ್ಳೆಯ ಆಟಗಾರನನ್ನು ತಯಾರು ಮಾಡಿದಂತೆಲ್ಲ ಮೇಜರ್ ಲೀಗಿನವರು ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಶಿಷ್ಯ ಗೆದ್ದಷ್ಟೂ ಗುರುವಿನ ತಂಡ ಬಡವಾಗುತ್ತಿತ್ತು. ಕಪ್ಪು ಜನರೂ ತಮ್ಮ ಹುಡುಗರ ಆಟ ನೋಡಲು ದೊಡ್ಡ ಮೈದಾನಗಳಿಗೆ ಹೋಗತೊಡಗಿದರು. ನೀಗ್ರೊ ಲೀಗಿನ ಪಂದ್ಯಗಳಿಗೆ ಜನ ಕಡಿಮೆಯಾದರು. 1960ರ ಸುಮಾರಿಗೆ ಆ ಪಂದ್ಯಾವಳಿಯೇ ನಿಂತುಹೋಯಿತು. ಹೀಗಾಗುವುದು ಬಕ್ ಅವರಿಗೆ ಕಾಣುತ್ತಿತ್ತು. ಆದರೂ ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ. ತಮ್ಮ ಹುಡುಗರು ದೊಡ್ಡ ಮೈದಾನದಲ್ಲಿ ಆಡಬೇಕು ಎಂಬುದೇ ಅವರ ಆಸೆಯಾಗಿತ್ತು.

ಮೊನಾರ್ಕ್ಸ್ ತಂಡವನ್ನು ಬಿಟ್ಟ ಮೇಲೆ ಬಕ್ ಶಿಕಾಗೊ ಕಬ್ಸ್ ತಂಡದಲ್ಲಿ ಕೆಲಸಕ್ಕೆ ಸೇರಿದರು. ಊರೂರು ಸುತ್ತಿ, ಚೆನ್ನಾಗಿ ಆಡುವ ಹುಡುಗರನ್ನು ಗುರುತಿಸಿ ತಂಡಕ್ಕೆ ತರುವುದು ಅವರ ಕೆಲಸ. ದಕ್ಷಿಣದ ಕಪ್ಪು ಜನರ ಕಾಲೇಜುಗಳಿಗೆ ಅವರು ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಒಂದು ಕಾಲೇಜಿನಲ್ಲಿ ಲೂ ಬ್ರಾಕ್ ಎಂಬ ಹುಡುಗ ಕಣ್ಣಿಗೆ ಬಿದ್ದ. ಗಾಳಿಯಂತೆ ಓಡುವ ಹುಡುಗ. ಮೇಜರ್ ಲೀಗಿನಲ್ಲಿ ಅವನು 938 ಸಲ ನೆಲೆಗಳನ್ನು ಕದ್ದ! ಎದುರಾಳಿಗಳು ಎಚ್ಚರ ತಪ್ಪಿದ ಗಳಿಗೆಯಲ್ಲಿ ಮುಂದಿನ ನೆಲೆಗೆ ಓಡಿಬಿಡುವುದನ್ನು ಬೇಸ್‌ಬಾಲಿನಲ್ಲಿ ‘ನೆಲೆ ಕದಿಯುವುದು’ ಎನ್ನುತ್ತಾರೆ. ಈ ಕಳ್ಳತನಕ್ಕೆ ಶಿಕ್ಷೆಯಿಲ್ಲ, ಚಪ್ಪಾಳೆಯಿದೆ.

1962ರಲ್ಲಿ ಕಬ್ಸ್ ತಂಡವು ಬಕ್ ಅವರನ್ನು ತರಬೇತುದಾರರನ್ನಾಗಿ ನೇಮಿಸಿತು. ಮೇಜರ್ ಲೀಗಿನ ಇತಿಹಾಸದಲ್ಲಿ ಮೊದಲ ಕಪ್ಪು ತರಬೇತುದಾರರು ಅವರೇ. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೆ ನೆಲೆಗಳ ಪಕ್ಕದಲ್ಲಿ ತರಬೇತುದಾರರು ನಿಲ್ಲುವ ಜಾಗ ನೆನಪಿದೆಯೇ? ಆ ಜಾಗದಲ್ಲಿ ನಿಲ್ಲಲು ಬಕ್ ಅವರಿಗೆ ಅವಕಾಶ ಕೊಡಲಿಲ್ಲ. ಒಂದು ಪಂದ್ಯದಲ್ಲಿ ಅಂಪೈರು ತಂಡದ ತರಬೇತುದಾರರನ್ನು ಹೊರಗೆ ಕಳಿಸಿದಾಗ ಆ ಜಾಗ ಖಾಲಿಯಾಯಿತು. ಬಕ್ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ಅವರನ್ನು ಕರೆಯಲಿಲ್ಲ. ಮೈದಾನದ ದೂರದ ಮೂಲೆಯಲ್ಲಿ ಎಸೆತಗಾರರನ್ನು ನೋಡಿಕೊಳ್ಳುತ್ತಿದ್ದ ಬೇರೊಬ್ಬರನ್ನು ಕರೆಸಿ ನಿಲ್ಲಿಸಿದರು. ಎಂಟು ವರ್ಷ ಒಂದು ತಂಡವನ್ನೇ ನಡೆಸಿದ್ದವರು ಸುಮ್ಮನೆ ಕುಳಿತು ನೋಡಬೇಕಾಯಿತು. ಆ ನೋವು ಅವರಿಗೆ ಇದ್ದೇ ಇತ್ತು. ಆದರೆ ನೋವನ್ನು ದ್ವೇಷವಾಗಲು ಅವರು ಬಿಡಲಿಲ್ಲ. ಮತ್ತೆ ಕಾರು ಹತ್ತಿ ಹುಡುಗರನ್ನು ಹುಡುಕುತ್ತ ಹೊರಟರು.

ವರ್ಷಗಳು ಕಳೆದವು. ನೀಗ್ರೊ ಲೀಗಿನ ಆಟಗಾರರು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಆಟವನ್ನು ಕಂಡವರೂ ಕಡಿಮೆಯಾದರು. ಹೀಗೇ ಬಿಟ್ಟರೆ ಎಲ್ಲರೂ ಮರೆತುಬಿಡುತ್ತಾರೆ ಎಂದು ಬಕ್ ಅವರಿಗೆ ಅನ್ನಿಸಿತು. 1990ರಲ್ಲಿ ಅವರೂ ಗೆಳೆಯರೂ ಸೇರಿ ಕ್ಯಾನ್ಸಸ್ ಸಿಟಿಯಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಮೊದಲು ಅದು ಒಂದು ಚಿಕ್ಕ ಕೋಣೆಯಲ್ಲಿತ್ತು. ಈಗ ಅಲ್ಲಿ ಆಟಗಾರರ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದ ಪುಟ್ಟ ಮೈದಾನವೇ ಇದೆ. 1994ರಲ್ಲಿ ಕೆನ್ ಬರ್ನ್ಸ್ ಎಂಬ ನಿರ್ದೇಶಕರ ದೂರದರ್ಶನ ಚಿತ್ರದಲ್ಲಿ ಬಕ್ ಹಳೆಯ ಆಟಗಾರರ ಕಥೆಗಳನ್ನು ಹೇಳಿದರು. 82 ವರ್ಷದ ಈ ಅಜ್ಜ ಮನೆಮನೆಗೂ ಪರಿಚಿತರಾದರು. ಮರುವರ್ಷ ಸರಸೋಟದ ಪ್ರೌಢಶಾಲೆ, ಹಿಂದೆ ಒಳಗೆ ಬಿಡದಿದ್ದ ಅದೇ ಶಾಲೆ, ಅವರನ್ನು ಕರೆದು ಪ್ರಮಾಣಪತ್ರವನ್ನು ಕೊಟ್ಟಿತು.

ಬೇಸ್‌ಬಾಲಿನ ಶ್ರೇಷ್ಠರನ್ನು ಗೌರವಿಸಲು ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ‘ಹಾಲ್ ಆಫ್ ಫೇಮ್’ ಎಂಬ ಕೀರ್ತಿಭವನವಿದೆ. ಅಲ್ಲಿ ಹೆಸರು ಸೇರುವುದು ದೊಡ್ಡ ಗೌರವ. 2006ರಲ್ಲಿ ನೀಗ್ರೊ ಲೀಗಿನವರನ್ನು ಆರಿಸಲು ವಿಶೇಷ ಮತದಾನ ನಡೆಯಿತು. 17 ಮಂದಿ ಆಯ್ಕೆಯಾದರು. ಅವರಲ್ಲಿ ಯಾರೂ ಬದುಕಿರಲಿಲ್ಲ. 94 ವರ್ಷದ ಬಕ್ ಬದುಕಿದ್ದರು, ಅವರ ಹೆಸರು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಒಂದು ಮತ ಕಡಿಮೆಯಾಯಿತು ಎಂದು ಪತ್ರಿಕೆಗಳು ಬರೆದವು. ಜನರಿಗೆ ಬಹಳ ಬೇಸರವಾಯಿತು.

ಆಗ ಬಕ್ ಏನು ಮಾಡಿದರು ಗೊತ್ತೇ? ಆಯ್ಕೆಯಾದ 17 ಮಂದಿಯ ಪರವಾಗಿ ಮಾತನಾಡಲು ಒಪ್ಪಿದರು! ಜುಲೈ 30ರಂದು ಕೂಪರ್ಸ್‌ಟೌನಿನ ವೇದಿಕೆಯ ಮೇಲೆ ನಿಂತರು. ತಮಗೆ ಆದ ನಿರಾಸೆಯ ಬಗ್ಗೆ ದೂರಲಿಲ್ಲ. ತಾವು ಯಾರನ್ನೂ ದ್ವೇಷಿಸುವುದಿಲ್ಲ ಎಂದರು. ಕೊನೆಯಲ್ಲಿ ಪಕ್ಕದವರ ಕೈ ಹಿಡಿದುಕೊಳ್ಳಲು ಎಲ್ಲರಿಗೂ ಹೇಳಿದರು. ಪ್ರೀತಿಯ ಒಂದು ಪುಟ್ಟ ಹಾಡನ್ನು ತಾವು ಹಾಡಿ, ಎಲ್ಲರಿಂದಲೂ ಹಾಡಿಸಿದರು. ಬಿಳಿಯರು, ಕಪ್ಪು ಜನರು, ದೊಡ್ಡ ಆಟಗಾರರು, ಚಿಕ್ಕ ಮಕ್ಕಳು ಎಲ್ಲರೂ ಕೈ ಹಿಡಿದು ಹಾಡಿದರು.

ಅದೇ ವರ್ಷ ಅಕ್ಟೋಬರ್ 6ರಂದು ಬಕ್ ಓನೀಲ್ ತೀರಿಕೊಂಡರು. ಎರಡು ತಿಂಗಳ ನಂತರ ಅಮೆರಿಕದ ಅಧ್ಯಕ್ಷರು ಅವರ ಹೆಸರಿಗೆ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ಕೊಟ್ಟರು. 2020ರಲ್ಲಿ ಮೇಜರ್ ಲೀಗ್ ಸಂಸ್ಥೆ, ನೀಗ್ರೊ ಲೀಗಿನ ಪಂದ್ಯಗಳೂ ಮೇಜರ್ ಲೀಗಿಗೆ ಸಮಾನವೆಂದು ಘೋಷಿಸಿತು. ಕೊನೆಗೆ 2022ರಲ್ಲಿ ಕೀರ್ತಿಭವನದಲ್ಲಿಯೂ ಬಕ್ ಅವರ ಹೆಸರು ಸೇರಿತು. ಆ ಗೌರವವನ್ನು ಸ್ವೀಕರಿಸಿದವರು ಅವರ ಕುಟುಂಬದವರು.

ಕ್ಯಾನ್ಸಸ್ ಸಿಟಿಯ ದೊಡ್ಡ ಮೈದಾನದಲ್ಲಿ ಬಕ್ ಕುಳಿತು ಆಟ ನೋಡುತ್ತಿದ್ದ ಒಂದು ಆಸನವಿತ್ತು. 2007ರಲ್ಲಿ ಅದಕ್ಕೆ ಕೆಂಪು ಬಣ್ಣ ಕೊಟ್ಟು ಬೇರೆಯಾಗಿ ಕಾಣುವಂತೆ ಮಾಡಿದರು. ಊರಿಗೆ ಉಪಕಾರ ಮಾಡಿದವರನ್ನು ಪಂದ್ಯದ ದಿನ ಕರೆದು ಅದರಲ್ಲಿ ಕೂರಿಸುವುದು ಅಂದಿನಿಂದ ನಡೆದುಬಂದ ಪದ್ಧತಿ. ಬದುಕಿದ್ದಾಗ ಬಕ್ ಬೇರೆಯವರಿಗೆ ಜಾಗ ಮಾಡಿಕೊಟ್ಟರು. ಈಗ ಅವರ ಆಸನವೂ ಅದೇ ಕೆಲಸವನ್ನು ಮಾಡುತ್ತಿದೆ.

ಪದಗಳ ಅರ್ಥ

ತರಬೇತುದಾರ - ಆಟ ಅಥವಾ ಕೆಲಸವನ್ನು ಅಭ್ಯಾಸ ಮಾಡಿಸಿ ಕಲಿಸುವವನು
ಕೈಸನ್ನೆ - ಕೈಯಿಂದ ತೋರಿಸುವ ಗುರುತು
ಗುಲಾಮ - ಸ್ವಾತಂತ್ರ್ಯವಿಲ್ಲದೆ ಮತ್ತೊಬ್ಬರ ಸ್ವತ್ತಿನಂತೆ ದುಡಿಯುವವನು
ಮೇಸ್ತ್ರಿ - ಆಳುಗಳ ಕೆಲಸವನ್ನು ನೋಡಿಕೊಳ್ಳುವವನು
ಮರುಗು - ಕನಿಕರಪಡು, ದುಃಖಿಸು
ಆತ್ಮಕಥೆ - ತನ್ನ ಜೀವನವನ್ನು ಕುರಿತು ತಾನೇ ಹೇಳಿದ ಪುಸ್ತಕ
ವಸ್ತುಸಂಗ್ರಹಾಲಯ - ಹಳೆಯ ಮತ್ತು ಅಮೂಲ್ಯ ವಸ್ತುಗಳನ್ನು ಕೂಡಿಟ್ಟು ತೋರಿಸುವ ಸ್ಥಳ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಕ್ ಓನೀಲ್ ಎಲ್ಲಿ ಹುಟ್ಟಿದರು?
2. ಬಾಲಕ ಜಾನ್ ಹೊಲದಲ್ಲಿ ಯಾವ ಕೆಲಸ ಮಾಡುತ್ತಿದ್ದ?
3. ‘ನೆಲೆ ಕದಿಯುವುದು’ ಎಂದರೇನು?
4. 1947ರಲ್ಲಿ ಮೇಜರ್ ಲೀಗಿನ ಮೈದಾನಕ್ಕೆ ಇಳಿದ ಕಪ್ಪು ಆಟಗಾರ ಯಾರು?

ಆ. ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಜಾನ್ ಓದುವುದಕ್ಕಾಗಿ ಊರು ಬಿಟ್ಟು ಹೋದದ್ದು ಏಕೆ?
2. ‘ಶಿಷ್ಯ ಗೆದ್ದಷ್ಟೂ ಗುರುವಿನ ತಂಡ ಬಡವಾಗುತ್ತಿತ್ತು.’ ಈ ಮಾತಿನ ಅರ್ಥವೇನು?
3. 1962ರಲ್ಲಿ ತರಬೇತುದಾರರಾದರೂ ಬಕ್ ಅವರಿಗೆ ಯಾವ ಅವಕಾಶ ಸಿಗಲಿಲ್ಲ?
4. ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಆಯ್ಕೆಯಾದವರ ಪರವಾಗಿ ನೀವು ಮಾತನಾಡುತ್ತಿದ್ದಿರಾ? ಏಕೆ?

ಇ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಬೇಸ್‌ಬಾಲಿನಲ್ಲಿ ಒಂದು ತಂಡದಲ್ಲಿ ______ ಮಂದಿ ಆಟಗಾರರು ಇರುತ್ತಾರೆ.
2. ‘ಮೊನಾರ್ಕ್ಸ್’ ಎಂದರೆ ______.
3. ಕೀರ್ತಿಭವನವು ______ ಎಂಬ ಊರಿನಲ್ಲಿದೆ.

ಈ. ಹೊಂದಿಸಿ ಬರೆಯಿರಿ.
1. ರೂಬ್ ಫಾಸ್ಟರ್ - ಅ) 938 ಸಲ ನೆಲೆ ಕದ್ದ ಆಟಗಾರ
2. ಎರ್ನಿ ಬ್ಯಾಂಕ್ಸ್ - ಆ) ಹೆಸರಾಂತ ಎಸೆತಗಾರ
3. ಲೂ ಬ್ರಾಕ್ - ಇ) 1920ರ ಪಂದ್ಯಾವಳಿಯನ್ನು ಕಟ್ಟಿದವರು
4. ಸ್ಯಾಚೆಲ್ ಪೇಜ್ - ಈ) ನಾಚಿಕೆಯ ಸ್ವಭಾವದ ಹುಡುಗ

ಉ. ಭಾಷಾಭ್ಯಾಸ
1. ವಿರುದ್ಧ ಪದಗಳನ್ನು ಬರೆಯಿರಿ: ನ್ಯಾಯ, ದ್ವೇಷ, ಗುರು, ಆಸೆ, ಸಮಾನ.
2. ಸ್ವಂತ ವಾಕ್ಯದಲ್ಲಿ ಬಳಸಿರಿ: ಹೆಸರಿಗೆ ತಕ್ಕಂತೆ, ಕಣ್ಣಿಗೆ ಬೀಳು, ಹೊಣೆ ಹೊರು.
3. ‘ಊರೂರು’, ‘ಮನೆಮನೆ’ ಇವುಗಳಂತೆ ಒಂದೇ ಪದ ಎರಡು ಸಲ ಬರುವ ಐದು ಪದಗಳನ್ನು ಬರೆಯಿರಿ.

ಚಟುವಟಿಕೆ: ನಿಮ್ಮ ಊರಿನಲ್ಲಿ ಕಬಡ್ಡಿ, ಕೊಕ್ಕೊ, ಕುಸ್ತಿ ಅಥವಾ ಬೇರೆ ಯಾವುದಾದರೂ ಆಟವನ್ನು ಮಕ್ಕಳಿಗೆ ಹೇಳಿಕೊಡುವ ಹಿರಿಯರು ಇರಬಹುದು. ಅವರನ್ನು ಭೇಟಿಯಾಗಿರಿ. ಅವರಿಗೆ ಆಟ ಕಲಿಸಿದವರು ಯಾರು, ಅವರಿಂದ ಕಲಿತವರು ಯಾರು ಎಂದು ಕೇಳಿ ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯಲ್ಲಿ ಓದಿರಿ.